ವಾಪಸ್ ಕೊಟ್ಟರೂ ಖರ್ಚು ಖರ್ಚೇ

ಮದುವೆ ಹಂಗಾಮು ಬಂತೆಂದರೆ ಪರಿಚಯದವರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ‘ಹೇಗೂ ರಿಟರ್ನ್ ಇದೆಯಲ್ಲ, ತರಿಸಿ ನೋಡಿದರೆ ಏನು ಗಂಟು ಹೋಗುತ್ತೆ?’ ಕೇಳುವವರು ದುಂದುಗಾರರೇನಲ್ಲ. ಸೊಪ್ಪಿನವಳ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುವವರೇ. ಆದರೆ 12,000 ರೂಪಾಯಿಯ ಲೆಹೆಂಗಾ ತರಿಸುವಾಗ ಅವರ ಬೆರಳು ತಡವರಿಸುವುದಿಲ್ಲ. ಅವರ ಲೆಕ್ಕದಲ್ಲಿ ಅದಿನ್ನೂ ಖರ್ಚಾಗಿಲ್ಲ. ಕೆಲವರು ಅಳತೆ ನೋಡಲೆಂದು ತರಿಸುತ್ತಾರೆ. ಕೆಲವರು ಒಂದು ದಿನ ಹಾಕಿಕೊಂಡು, ಫೋಟೊ ತೆಗೆಸಿಕೊಂಡು, ಕಳಿಸಿಬಿಡಲೆಂದೇ ತರಿಸುತ್ತಾರೆ. ಇವರಿಬ್ಬರ ನಡುವೆ ದೊಡ್ಡದೊಂದು ಗುಂಪಿದೆ: ಕೊಳ್ಳುವಷ್ಟು ದುಡ್ಡಿಲ್ಲ ಎಂದು ಗೊತ್ತಿದ್ದೂ ‘ಆಮೇಲೆ ನೋಡೋಣ’ ಎಂದು ತರಿಸುವವರು. ಜೇಬಿಗೆ ಹೆಚ್ಚು ಪೆಟ್ಟು ಬೀಳುವುದು ಇವರಿಗೇ.

ಇದು ಆ್ಯಪ್ ಬಂದಮೇಲೆ ಶುರುವಾದ ಚಾಳಿಯೂ ಅಲ್ಲ. ಓದು ಮುಗಿದ ಹೊಸದರಲ್ಲಿ ನಾನು ದಾವಣಗೆರೆಯ ಜವಳಿ ಅಂಗಡಿಯೊಂದರಲ್ಲಿ ಬಿಲ್ ಬರೆಯುತ್ತಿದ್ದೆ. ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ ಎಂದು ಬಿಲ್ಲಿನ ಅಡಿಯಲ್ಲೇ ಅಚ್ಚಾಗಿರುತ್ತಿತ್ತು. ಆದರೂ ಗಿರಾಕಿ ಕೈಬಿಟ್ಟು ಹೋಗಬಾರದೆಂದು ಸಾಹುಕಾರರು ಬದಲಿಸಿ ಕೊಡುತ್ತಿದ್ದರು. ದೊಡ್ಡ ಮುಹೂರ್ತಗಳು ಮುಗಿದ ಮಾರನೆಯ ದಿನ ಸೀರೆಯ ಚೀಲಗಳು ಸಾಲಾಗಿ ಬರುತ್ತಿದ್ದವು. ಎಲ್ಲರದ್ದೂ ಒಂದೇ ಮಾತು, ‘ಮನ್ಯಾಗೆ ಬಣ್ಣ ಒಪ್ಪಲಿಲ್ರೀ.’ ಸಾಹುಕಾರರು ಮಾತಾಡದೆ ಸೀರೆಯನ್ನು ಗಾದಿಯ ಮೇಲೆ ಬಿಚ್ಚುತ್ತಿದ್ದರು. ಎಡಭುಜದ ಜಾಗದಲ್ಲಿ ಪಿನ್ನಿನ ತೂತಿದೆಯೇ, ನೆರಿಗೆಯ ಗೆರೆ ಬಿದ್ದಿದೆಯೇ, ಕೆಳಗಿನ ಅಂಚಿಗೆ ಧೂಳು ಹತ್ತಿದೆಯೇ ಎಂದು ನೋಡುತ್ತಿದ್ದರು. ಒಮ್ಮೆ ಹಾಗೆ ಸೆರಗು ಬಿಡಿಸುವಾಗ ಅರಿಶಿನದ ಅಕ್ಷತೆ ಕಾಳೊಂದು ಉದುರಿತು. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ಗಲ್ಲಾಪೆಟ್ಟಿಗೆಯ ಮೇಲಿಟ್ಟು, ‘ಆಶೀರ್ವಾದ ಆಗೈತಲ್ಲಮ್ಮ, ಇನ್ನ ವಾಪಸ್ ಹೆಂಗ್ ತಗಳ್ಳದು?’ ಎಂದರು. ಆಕೆಯೂ ನಕ್ಕುಬಿಟ್ಟರು. ಸೀರೆ ಅವರ ಜೊತೆಗೇ ಮನೆಗೆ ಹೋಯಿತು.

ಈಗ ಹಾಗೆ ಮುಖ ನೋಡಿ ಕೇಳುವವರಿಲ್ಲ. ಬದಲಿಗೆ ಉಡುಪಿನ ಎದ್ದುಕಾಣುವ ಜಾಗಕ್ಕೆ ದೊಡ್ಡ ಟ್ಯಾಗ್ ಹಾಕಿ, ಅದನ್ನು ಕಿತ್ತರೆ ವಾಪಸಿಲ್ಲ ಎನ್ನುತ್ತಾರೆ. ಹಿಂದಕ್ಕೆ ಹೋದ ಬಟ್ಟೆಯನ್ನು ಪರೀಕ್ಷಿಸಿ, ಇಸ್ತ್ರಿ ಮಾಡಿ, ಮತ್ತೆ ಪ್ಯಾಕ್ ಮಾಡಬೇಕು. ಆ ಖರ್ಚಿನ ಪಾಲು ಎಷ್ಟೋ ಸಲ ಸಣ್ಣ ಮಾರಾಟಗಾರನ ತಲೆಗೇ ಬರುತ್ತದೆ. ಉಟ್ಟು ವಾಪಸ್ ಕಳಿಸುವುದು ಸರಿಯಲ್ಲ ಎನ್ನಲು ಅಷ್ಟು ಸಾಕು. ಆದರೆ ಇದು ಹಣಕಾಸಿನ ಅಂಕಣ, ನಿಮ್ಮ ಗಂಟಿನ ಮಾತಿಗೆ ಬರುತ್ತೇನೆ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗಳು ಒಂದು ಸಂಜೆ ಫೋನ್ ಮಾಡಿ, ‘ದೊಡ್ಡಮ್ಮಾ, ಲೆಹೆಂಗಾ ವಾಪಸ್ ಕಳಿಸಿದೀನಿ, ಆದ್ರೂ ಕಾರ್ಡಿನವರು ದುಡ್ಡು ಕೇಳ್ತಿದಾರೆ’ ಎಂದಳು. ಅವಳ ಒಪ್ಪಿಗೆ ಪಡೆದೇ ಲೆಕ್ಕ ಬಿಡಿಸುತ್ತೇನೆ. 12,000 ರೂಪಾಯಿಯ ಉಡುಪು, ಕ್ರೆಡಿಟ್ ಕಾರ್ಡಿನಲ್ಲಿ ಖರೀದಿ. ವಾಪಸ್ ಕಳಿಸಿದಳು, ಅಷ್ಟರಲ್ಲಿ ಬಿಲ್ ಬಂತು. ರಿಫಂಡ್ ಬಂದೇ ಬರುತ್ತದಲ್ಲ ಎಂದು ಅವಳು ಕಟ್ಟದೆ ಸುಮ್ಮನಿದ್ದಳು. ರಿಫಂಡ್ ಬಂದದ್ದು ಕಡೆಯ ದಿನಾಂಕ ದಾಟಿದ ಮೇಲೆ. ಕಾರ್ಡಿನ ಬಾಕಿ ಪೂರ್ತಿ ಕಟ್ಟದಿದ್ದರೆ ಬಡ್ಡಿಯಿಲ್ಲದ ಅವಧಿ ರದ್ದಾಗಿ, ಖರೀದಿಸಿದ ದಿನದಿಂದಲೇ ಬಡ್ಡಿ ಎಣಿಸುತ್ತಾರೆ. ಅವಳ ಕಾರ್ಡಿನ ದರ ತಿಂಗಳಿಗೆ ಶೇ 3.5, ಅಂದರೆ ವರ್ಷಕ್ಕೆ ಶೇ 42. ನಲವತ್ತು ದಿನಕ್ಕೆ ಸುಮಾರು 550 ರೂಪಾಯಿ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಇನ್ನೊಂದು ನೂರು. ತಡವಾಗಿದ್ದಕ್ಕೆ ದಂಡ ಬೇರೆ. ಬೀರುವಿನಲ್ಲಿ ಇಲ್ಲದ ಬಟ್ಟೆಗೆ ಇಷ್ಟು ತೆತ್ತಂತಾಯಿತು. ಬಾಕಿ ಉಳಿದಿದ್ದರಿಂದ ಆಮೇಲೆ ಅದೇ ಕಾರ್ಡಿನಲ್ಲಿ ತಂದ ದಿನಸಿಗೂ ಬಡ್ಡಿ ಓಡತೊಡಗಿತ್ತು.

ಆದ್ದರಿಂದ ಬರಬೇಕಾದ ರಿಫಂಡನ್ನು ಕೈಗೆ ಬಂದ ದುಡ್ಡೆಂದು ಎಣಿಸಬೇಡಿ. ಬಿಲ್ಲಿನಲ್ಲಿ ಇರುವುದನ್ನು ಪೂರ್ತಿ ಕಟ್ಟಿಬಿಡಿ. ರಿಫಂಡ್ ಬಂದಾಗ ಅದು ಮುಂದಿನ ಬಿಲ್ಲಿಗೆ ಜಮೆಯಾಗುತ್ತದೆ. ಪೂರ್ತಿ ಕಟ್ಟಲು ಈಗ ದುಡ್ಡಿಲ್ಲ ಎನ್ನುವಿರಾದರೆ, ಆ ಬಟ್ಟೆ ನಿಮ್ಮ ಶಕ್ತಿಗೆ ಮೀರಿದ್ದು ಎಂಬುದು ಅಲ್ಲೇ ಗೊತ್ತಾಯಿತು. ಇಎಂಐಗೆ ಹಾಕಿದ್ದರೆ ಪ್ರೊಸೆಸಿಂಗ್ ಶುಲ್ಕ ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ. ಕೆಲವು ಆ್ಯಪ್‌ಗಳು ತಮ್ಮ ಶುಲ್ಕವನ್ನೂ ಇಟ್ಟುಕೊಳ್ಳುತ್ತವೆ. ರಿಫಂಡನ್ನು ಆ್ಯಪಿನ ವ್ಯಾಲೆಟ್ಟಿಗೆ ಪಡೆದರೆ ಬೇಗ ಬರುತ್ತದೆ, ನಿಜ. ಆದರೆ ಆ ದುಡ್ಡು ಅಲ್ಲೇ ಇನ್ನೊಂದು ಬಟ್ಟೆಯಾಗುತ್ತದೆ. ದುಡ್ಡು ಕೊಟ್ಟ ಕಾರ್ಡಿಗೋ ಬ್ಯಾಂಕ್ ಖಾತೆಗೋ ಕೇಳಿ.

ಎಲ್ಲಕ್ಕಿಂತ ದುಬಾರಿಯಾದದ್ದು ವಾಪಸ್ ಹೋಗದೆ ಉಳಿಯುವ ಬಟ್ಟೆ. ನಾಳೆ ಕಳಿಸೋಣ ಎನ್ನುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಅತ್ತೆ ನೋಡಿ ಚೆನ್ನಾಗಿದೆ ಎಂದಿರುತ್ತಾರೆ. ಮಗು ಟ್ಯಾಗ್ ಕಿತ್ತಿರುತ್ತದೆ. ರಿಟರ್ನ್ ಸೌಲಭ್ಯವನ್ನು ವ್ಯಾಪಾರಿಗಳು ಸುಮ್ಮನೆ ಕೊಟ್ಟಿಲ್ಲ. ಮನೆಗೆ ಬಂದು ಮೈಗೆ ತಾಗಿದ್ದನ್ನು ಹೊರಗೆ ಕಳಿಸಲು ನಮಗೆ ಮನಸ್ಸು ಬರುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಹಾಗೆಂದು ನ್ಯಾಯವಾದ ರಿಟರ್ನಿಗೆ ಸಂಕೋಚ ಪಡಬೇಕಿಲ್ಲ. ಅಳತೆ ಸರಿಯಿಲ್ಲದಿದ್ದರೆ ಗಡುವಿನೊಳಗೆ ಕಳಿಸಿ. ದೋಷವಿರುವ ಅಥವಾ ಚಿತ್ರದಲ್ಲಿ ತೋರಿಸಿದ್ದಕ್ಕಿಂತ ಬೇರೆಯದೇ ಆದ ಮಾಲನ್ನು ವಾಪಸ್ ಪಡೆಯಲು ಆನ್‌ಲೈನ್ ಮಾರಾಟಗಾರ ಒಲ್ಲೆ ಎನ್ನುವಂತಿಲ್ಲ. 2020ರ ಇ-ಕಾಮರ್ಸ್ ನಿಯಮಗಳು ಹಾಗೆ ಹೇಳುತ್ತವೆ. ತಕರಾರು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಪೊಟ್ಟಣ ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಂಡರೆ ವಾದ ಸುಲಭವಾಗುತ್ತದೆ.

ಸರಿ, ಮದುವೆಗೆ ಏನು ಹಾಕಿಕೊಳ್ಳುವುದು? ಅದೇ ಹುಡುಗಿಗೆ ಗೆಳತಿಯ ಮದುವೆ ಬಂದಾಗ ನಮ್ಮಮ್ಮನ ಹಳೆಯ ಮೊಳಕಾಲ್ಮೂರು ರೇಷ್ಮೆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದೆವು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದು, ಮಡಿಕೆಯ ಗೆರೆಯಲ್ಲೇ ರೇಷ್ಮೆ ಸೀಳಿತ್ತು. ಉಡುವಂತಿರಲಿಲ್ಲ, ಆದರೆ ಅಂಚು, ಸೆರಗು ಗಟ್ಟಿಯಾಗಿದ್ದವು. ಟೈಲರ್ ಸೀಳಿದ ಭಾಗವನ್ನು ಬಿಟ್ಟು ಲೈನಿಂಗ್ ಕೊಟ್ಟು ಲಂಗ ಹೊಲಿದರು, ಸೆರಗಿನಲ್ಲಿ ರವಿಕೆ ಆಯಿತು. ಮಜೂರಿ ಎಲ್ಲ ಸೇರಿ 3,100 ರೂಪಾಯಿ. ಅದನ್ನವಳು ಈಗ ಹಬ್ಬಕ್ಕೂ ಹಾಕುತ್ತಾಳೆ. ನಿಮ್ಮ ಮನೆಯಲ್ಲೂ ರೇಷ್ಮೆ ಸೀರೆಗಳಿದ್ದರೆ ಕೆಲವು ತಿಂಗಳಿಗೊಮ್ಮೆ ಮಡಿಕೆ ಬದಲಿಸಿಡಿ. ಬಿಡಿಗಾಸಿನ ಖರ್ಚಿಲ್ಲದೆ ಆಸ್ತಿ ಉಳಿಯುತ್ತದೆ.

ಒಂದೇ ದಿನಕ್ಕೆ ಜರ್ಬಾದ ಉಡುಪು ಬೇಕೇಬೇಕು ಎನ್ನುವವರು ಬಾಡಿಗೆಗೆ ತರಲಿ. ವರನ ಶೇರ್ವಾನಿಯಿಂದ ಹಿಡಿದು ಲೆಹೆಂಗಾ, ಆಭರಣದ ತನಕ ಎಲ್ಲ ಸಿಗುತ್ತದೆ. ಉಟ್ಟು ಹಿಂದಕ್ಕೆ ಕೊಡುವ ಆಸೆಗೆ ಇರುವ ಪ್ರಾಮಾಣಿಕ ದಾರಿ ಅದೇ. ಠೇವಣಿ ಎಷ್ಟು, ಡ್ರೈಕ್ಲೀನಿಂಗ್ ಯಾರ ಲೆಕ್ಕ, ಒಂದು ದಿನ ತಡವಾದರೆ ಎಷ್ಟು ಎಂದು ಮೊದಲೇ ಕೇಳಿಕೊಳ್ಳಿ. ಇರುವ ಕಲೆಗಳನ್ನು ಅಂಗಡಿಯವರ ಎದುರೇ ಫೋಟೊ ತೆಗೆಯಿರಿ. ಓರಗಿತ್ತಿ, ಅಕ್ಕತಂಗಿಯರ ನಡುವೆ ಸೀರೆ ಅದಲುಬದಲು ಮಾಡಿಕೊಂಡರೆ ಅದೂ ಬೇಕಿಲ್ಲ, ರವಿಕೆಯಷ್ಟೇ ಹೊಸದು.

ಕೊಳ್ಳುವುದೇ ಆದರೆ ಕಾಲ ನೋಡಿ ಕೊಳ್ಳಿ. ಆಷಾಢದಲ್ಲಿ ನಮ್ಮಲ್ಲಿ ಮದುವೆಗಳು ನಡೆಯುವುದಿಲ್ಲ, ಅಂಗಡಿಗಳು ರಿಯಾಯಿತಿ ಹಾಕುತ್ತವೆ. ಶ್ರಾವಣದ ವರಮಹಾಲಕ್ಷ್ಮಿಗೆ ಬೇಕಾದ ಸೀರೆಯನ್ನು ಆಗಲೇ ತಂದಿಡಬಹುದು. ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳ ರಿಯಾಯಿತಿಯ ಮೇಲೂ ಕಣ್ಣಿಡಿ. ಗಾರ್ಮೆಂಟ್ಸ್ ಊರಾದ ಬೆಂಗಳೂರಿನಲ್ಲಿ ರಫ್ತಿಗೆಂದು ಹೊಲಿದು ಉಳಿದ ಮಾಲು ಸರ್ಪ್ಲಸ್ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುತ್ತದೆ. ಜಿಪ್ಪು, ಹೊಲಿಗೆ ಎಳೆದು ನೋಡಿ ತನ್ನಿ. ತೆರಿಗೆಯ ಲೆಕ್ಕವೂ ಇದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ 5 ಜಿಎಸ್‌ಟಿ, ಅದಕ್ಕಿಂತ ಮೇಲಾದರೆ ಶೇ 18. ಆ 12,000ದ ಲೆಹೆಂಗಾದಲ್ಲಿ ಸುಮಾರು 1,830 ರೂಪಾಯಿ ತೆರಿಗೆಯೇ. ಹೊಲಿಯದ ಬಟ್ಟೆಗಾದರೆ ಶೇ 5 ಮಾತ್ರ. ಬಟ್ಟೆ ಕೊಂಡು ಹೊಲಿಸುವುದರಲ್ಲಿ ಇನ್ನೂ ಲಾಭವಿದೆ.

ಬೆಲೆಯನ್ನು ಉಡುವ ಸಲಗಳಿಂದ ಭಾಗಿಸುವುದನ್ನೂ ರೂಢಿಸಿಕೊಳ್ಳಿ. 12,000ದ ಲೆಹೆಂಗಾವನ್ನು ಎರಡು ಸಲ ಹಾಕಿದರೆ ಸಲಕ್ಕೆ 6,000. 2,000ದ ಇಳಕಲ್ ಸೀರೆಯನ್ನು ಇಪ್ಪತ್ತು ಸಲ ಉಟ್ಟರೆ ಸಲಕ್ಕೆ ನೂರು. ನನ್ನ ನಿಯಮ ಸರಳ: ಎಲ್ಲೆಲ್ಲಿ ಉಡುತ್ತೇನೆ ಎಂದು ಮೂರು ಸಂದರ್ಭ ಹೇಳಲಾಗದ ಬಟ್ಟೆಯನ್ನು ಕೊಳ್ಳುವುದಿಲ್ಲ. ಬಟ್ಟೆಗೆಂದೇ ತಿಂಗಳಿಗೆ 500 ರೂಪಾಯಿಯ ಆರ್‌ಡಿ ಕಟ್ಟುತ್ತೇನೆ. ವರ್ಷಕ್ಕೆ 6,000, ಮೇಲೆ ಚೂರು ಬಡ್ಡಿ. ಕಾರ್ಡಿನವರಿಗೆ ಕೊಡುವ ಬಡ್ಡಿ ನನಗೇ ಬರುತ್ತದೆ. ಆ ಮೊತ್ತದೊಳಗೆ ಮನಸ್ಸಿಗೆ ಬಂದದ್ದು ಕೊಳ್ಳುತ್ತೇನೆ, ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ.

ಇವತ್ತೇ ಮಾಡಬಹುದಾದ ಕೆಲಸವೊಂದಿದೆ. ಶಾಪಿಂಗ್ ಆ್ಯಪ್‌ನಲ್ಲಿ ನಿಮ್ಮ ಆರ್ಡರ್‌ಗಳ ಪಟ್ಟಿ ತೆರೆದು, ವಾಪಸ್ ಕಳಿಸಬೇಕೆಂದುಕೊಂಡು ಮೂಲೆಯಲ್ಲಿಟ್ಟದ್ದರ ಗಡುವು ಯಾವತ್ತಿಗೆ ಎಂದು ನೋಡಿ. ಉಡದೆ ಇಟ್ಟಿದ್ದರೆ ಪಿಕಪ್ ಬುಕ್ ಮಾಡಿ. ಆಮೇಲೆ ಕಾರ್ಡಿನ ಬಿಲ್ ತೆಗೆದು, ರಿಫಂಡಿನ ಮಾತೇ ಎತ್ತದೆ ಪೂರ್ತಿ ಕಟ್ಟಿ.