ನಿಮ್ಮ ಕೈಗೂ ಕೂಲಿ ಬರೆದುಕೊಳ್ಳಿ

ಮಕ್ಕಳೇ, ಐವರೂ ಸೇರಿ ಮೈಸೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೀರಿ. ಗೋಡೆಗೆ ನಿಮ್ಮ ಚಿತ್ರಗಳು. ಮೇಜಿನ ಮೇಲೆ ನೀವೇ ಮಾಡಿದ ಓಲೆ, ಮಣಿಸರ, ಬಾಟಿಕ್ ದುಪಟ್ಟಾ, ಸುಟ್ಟಮಣ್ಣಿನ ಹಣತೆ. ನೋಡಿ ನನಗೆ ಹಿಗ್ಗಾಯಿತು. ಆದರೆ ನಿಮ್ಮಲ್ಲೊಬ್ಬಳು, "ಚಿತ್ರ ಯಾರೂ ತಗೊಳ್ಳಲ್ಲ ಅಜ್ಜಿ, ಓಲೆ ಮಾರಿಕೊಂಡೇ ಬಾಡಿಗೆ ಕಟ್ಟಬೇಕು" ಎಂದು ತಲೆ ತಗ್ಗಿಸಿದಳಲ್ಲ, ಅದು ಮನಸ್ಸಿನಲ್ಲೇ ಉಳಿಯಿತು. ತಲೆ ತಗ್ಗಿಸುವಂಥದ್ದು ಅದರಲ್ಲಿ ಏನೂ ಇಲ್ಲ.

ಚೆನ್ನೈ ಪಕ್ಕದ ಚೋಳಮಂಡಲಕ್ಕೆ ಒಮ್ಮೆ ಹೋಗಿಬನ್ನಿ. ಮದ್ರಾಸಿನ ಸರ್ಕಾರಿ ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ ಅವರನ್ನು ಕಾಡಿದ್ದೂ ಇದೇ ಚಿಂತೆ: ಓದು ಮುಗಿಸಿದ ಜಾಣ ಹುಡುಗರು ಹೊಟ್ಟೆಪಾಡಿಗೆ ಯಾವುದೋ ನೌಕರಿ ಸೇರಿ ಕುಂಚ ಕೆಳಗಿಟ್ಟುಬಿಡುತ್ತಿದ್ದರು. ಗುರು ಶಿಷ್ಯರೆಲ್ಲ ಸೇರಿ ಬಾಟಿಕ್ ಬಟ್ಟೆ, ಕರಕುಶಲ ವಸ್ತುಗಳನ್ನು ಮಾಡಿ ಮಾರಿದರು. ಆ ದುಡ್ಡು ಕೂಡಿಟ್ಟು ಇಂಜಂಬಾಕ್ಕಂ ಬಳಿ ಕಡಲ ದಂಡೆಯಲ್ಲಿ ಜಾಗ ಕೊಂಡರು. 1966ರಲ್ಲಿ ಅಲ್ಲಿ ಕಲಾವಿದರ ಗ್ರಾಮ ಹುಟ್ಟಿತು. ಮೊದಮೊದಲು ಗುಡಿಸಲುಗಳಲ್ಲೇ ವಾಸ. ನಿಮ್ಮ ಮೈಸೂರಿನಲ್ಲೇ ಹುಟ್ಟಿದ ಎಸ್.ಜಿ. ವಾಸುದೇವ್ ಅದರ ಸ್ಥಾಪಕ ಸದಸ್ಯರಲ್ಲೊಬ್ಬರು.  ಆ ಗ್ರಾಮದವರಿಗೆ ಹಗಲಿನ ಒಂದು ಪಾಲು ಕಸುಬಿಗೆ, ಉಳಿದದ್ದು ಚಿತ್ರಕ್ಕೆ. ಬಾಟಿಕ್ ಅವರ ಕಲೆಯನ್ನು ಕೆಡಿಸಲಿಲ್ಲ. ಯಾರ ಮರ್ಜಿಗೂ ಕಾಯದೆ ತಮಗೆ ಬೇಕಾದ ಚಿತ್ರ ಬರೆಯುವ ಧೈರ್ಯವನ್ನು ಅದೇ ತಂದುಕೊಟ್ಟಿತು ಎಂದು ನಾನು ನಂಬುತ್ತೇನೆ.

ಆ ಧೈರ್ಯ ನಿಮಗೂ ಬರಬೇಕಾದರೆ ಬೆಲೆ ಸರಿಯಾಗಿರಬೇಕು. ನಿನ್ನೆ ಆ ನೀಲಿ ದುಪಟ್ಟಾದ ಚೀಟಿ ನೋಡಿದೆ. ಬಟ್ಟೆ, ಬಣ್ಣ, ಮೇಣದ ಖರ್ಚಿನ ಮೇಲೆ ನೂರು ರೂಪಾಯಿ ಸೇರಿಸಿದ್ದೀರಿ, ಅಷ್ಟೇ. ಕೈಕೆಲಸದ ಕೂಲಿ ಎಲ್ಲಿ ಹೋಯಿತು? ಬಟ್ಟೆ ತೊಳೆದು ಗಂಜಿ ತೆಗೆಯಬೇಕು. ಜೇನುಮೇಣಕ್ಕೆ ಪ್ಯಾರಾಫಿನ್ ಬೆರೆಸಿ, ಹೊಗೆಯಾಡದ ಹಾಗೆ ಹದವಾಗಿ ಕರಗಿಸಬೇಕು. ಮೇಣ ಬಟ್ಟೆಯ ಹಿಂಬದಿಗೂ ಇಳಿದಿದೆಯೇ ಎಂದು ಮಗುಚಿ ನೋಡಿ, ಇಳಿಯದ ಕಡೆ ಮತ್ತೆ ಬಳಿಯಬೇಕು. ತಿಳಿಬಣ್ಣ ಮೊದಲು, ಗಾಢಬಣ್ಣ ಕೊನೆಗೆ. ಒಮ್ಮೆ ಅದ್ದಿದ ಮೇಲೆ ಮತ್ತೆ ಅದ್ದುವ ಮುಂಚೆ ನೆರಳಿನಲ್ಲಿ ಒಣಗಿಸಬೇಕು. ಕೊನೆಗೆ ಕುದಿನೀರಿನಲ್ಲಿ ಮೇಣ ಬಿಡಿಸಬೇಕು. ಇಷ್ಟೂ ಹೊತ್ತನ್ನು ಗಡಿಯಾರ ನೋಡಿ ಬರೆದಿಡಿ. ನಿಮ್ಮ ಬೀದಿಯಲ್ಲಿ ಗಾರೆ ಕೆಲಸದವರಿಗೆ ದಿನಕ್ಕೆ ಎಷ್ಟು ಕೊಡುತ್ತಾರೆಂದು ಕೇಳಿ, ಅದಕ್ಕಿಂತ ಒಂದು ರೂಪಾಯಿಯೂ ಕಡಿಮೆ ಹಾಕಿಕೊಳ್ಳಬೇಡಿ. ಹಾಗೆ ಲೆಕ್ಕ ಹಾಕಿದ ಬೆಲೆಗೆ ಹೋಗದ ವಸ್ತುವಿದ್ದರೆ ಅದನ್ನು ಮಾಡುವುದು ಬಿಡಿ, ಕೂಲಿ ಬಿಡಬೇಡಿ.

"ಪೇಟೆಯಲ್ಲಿ ಇದರ ಅರ್ಧಕ್ಕೆ ಸಿಗುತ್ತೆ" ಎಂದು ಗಿರಾಕಿ ಚೌಕಾಸಿಗೆ ಇಳಿದಾಗ ಮುಖ ಗಂಟಿಕ್ಕಬೇಡಿ. ಬಟ್ಟೆಯನ್ನು ಅವರ ಕೈಗೇ ಕೊಟ್ಟು ತಿರುಗಿಸಿ ನೋಡಲು ಹೇಳಿ. ಯಂತ್ರದಲ್ಲಿ ಅಚ್ಚು ಹಾಕಿದ ನಕಲಿ ಬಾಟಿಕ್ಕಿನ ಹಿಂಬದಿ ಸಾಮಾನ್ಯವಾಗಿ ಮಂಕು. ಬಿರುಕಿನ ಗೆರೆಗಳೂ ಒಂದೇ ಅಳತೆಯಲ್ಲಿ ಮತ್ತೆ ಮತ್ತೆ ಬರುತ್ತವೆ. ನಿಮ್ಮದರಲ್ಲಿ ಮೇಣ ಬಿರಿದಲ್ಲಿ ಬಣ್ಣ ಇಳಿದಿರುತ್ತದೆ, ಒಂದು ಗೆರೆಯಂತೆ ಇನ್ನೊಂದಿರುವುದಿಲ್ಲ. ಇದನ್ನು ಕಣ್ಣಾರೆ ಕಂಡವರು ಬೆಲೆಯ ಮಾತು ಅಲ್ಲಿಗೇ ನಿಲ್ಲಿಸಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಪೂರ್ತಿ ಕೂಲಿ ಕೇಳುವವರು ಪೂರ್ತಿ ನಿಜವನ್ನೂ ಹೇಳಬೇಕು. ಜರ್ಮನ್ ಸಿಲ್ವರ್ ಓಲೆಯನ್ನು ಬೆಳ್ಳಿಯದೆಂದು ಬಾಯಿತಪ್ಪಿಯೂ ಹೇಳಬೇಡಿ. ಅದು ತಾಮ್ರ, ನಿಕ್ಕಲ್, ಸತುವಿನ ಬೆರಕೆ, ಬೆಳ್ಳಿಯ ಚೂರೂ ಅದರಲ್ಲಿಲ್ಲ. ನಿಕ್ಕಲ್ ಕೆಲವರ ಕಿವಿಗೆ ಒಗ್ಗುವುದಿಲ್ಲ, ತುರಿಸಿ ಹುಣ್ಣಾಗುತ್ತದೆ. ಓಲೆಯ ಕೊಕ್ಕೆಯನ್ನಾದರೂ ಅಸಲಿ ಬೆಳ್ಳಿಯಲ್ಲಿ ಮಾಡಿಸಿ, ಅದರ ದರವನ್ನು ಚೀಟಿಯಲ್ಲಿ ಸೇರಿಸಿ. ಪವರ್‌ಲೂಮಿನ ಬಟ್ಟೆಯ ಮೇಲೆ ಕಸೂತಿ ಹಾಕಿದ್ದರೆ ಹಾಗೆಂದೇ ಬರೆಯಿರಿ. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕೈಯಲ್ಲಿ ಹೊಲಿಸಿದ ಚೀಲ ಇಟ್ಟಿದ್ದೀರಿ, ಸಂತೋಷ. ಹೊಲಿದವರ ಹೆಸರನ್ನು ಅವರನ್ನು ಕೇಳಿಯೇ ಚೀಟಿಯ ಮೇಲೆ ಹಾಕಿ, ದುಡ್ಡನ್ನು ಚೀಲ ತರುವಾಗಲೇ ಕೊಟ್ಟುಬಿಡಿ. "ಮಾರಿದ ಮೇಲೆ ಕೊಡ್ತೀವಿ" ಎನ್ನುವುದು ನಿಮ್ಮ ಐವರೊಳಗೆ ಸರಿ, ದಿನದ ದುಡಿಮೆಯಲ್ಲಿ ಮನೆ ನಡೆಸುವವರ ಜೊತೆ ಸಲ್ಲದು.

ಇನ್ನು ನಿಮ್ಮೊಳಗಿನ ಲೆಕ್ಕ. ಗೆಳೆತನ ಗಟ್ಟಿಯಾಗಿರುವ ಈಗಲೇ ಕಾಗದದ ಮೇಲೆ ಬರೆದುಕೊಳ್ಳಿ: ಮಾರಿದ್ದರಲ್ಲಿ ಅಂಗಡಿಗೆ ಎಷ್ಟು, ಮಾಡಿದವರಿಗೆ ಎಷ್ಟು, ಕಳೆದುಹೋದರೆ ನಷ್ಟ ಯಾರದು, ಯಾರು ಯಾವ ದಿನ ಕೂರುತ್ತೀರಿ. ಅಂಗಡಿಯಲ್ಲಿ ಕೂರುವುದೂ ದುಡಿಮೆಯೇ, ಅದಕ್ಕೂ ಕೂಲಿ ಇರಲಿ. ತನ್ನ ಸರದಿ ಬಂದ ದಿನ ತನ್ನ ವಸ್ತುವನ್ನೇ ಮುಂದಿಟ್ಟು ಉಳಿದವರದನ್ನು ಹಿಂದೆ ಸರಿಸುವ ಚಾಳಿ ಶುರುವಾದರೆ ಅವತ್ತೇ ಕೂತು ಮಾತಾಡಿ. ತಿಂಗಳ ಕೊನೆಗೆ ಎಲ್ಲರೆದುರು ಗಲ್ಲಾ ಎಣಿಸಿ, ಎಲ್ಲರೂ ರುಜು ಹಾಕಿ.

ಆ ನೀಲಿ ದುಪಟ್ಟಾ ಮೇಜಿನ ಮೇಲಿಂದ ತೆಗೆದಿಡಿ. ಚೀಟಿ ಹೊಸದಾಗಿ ಬರೆದ ಮೇಲೆ ಮತ್ತೆ ಇಡುವಿರಂತೆ.