ಕುದುರೆ ಮಸಾಲೆಗೆ ಕುಡುಗೋಲು ಯಾವಾಗ?

ಕುದುರೆ ಮಸಾಲೆ ಮೇವನ್ನು ದನಗಳಿಗೆ ಹಸಿಯಾಗಿ ಹಾಕುವವರು ಕೋಲಾರ ಜಿಲ್ಲೆಯ ನಮ್ಮೂರಿನ ಸುತ್ತ ಇದ್ದಾರೆ. ಒಣಗಿಸಿ ಬೇಸಿಗೆಗೆ ಎತ್ತಿಡುವವರು ಕಡಿಮೆ. ನಾನು ಹಿಂಡಿಯ ಖರ್ಚಿಗೆ ಹೆದರಿ ಇದಕ್ಕಿಳಿದವನು. ಮಾಡುತ್ತಾ ತಿಳಿದದ್ದೇನೆಂದರೆ, ಈ ಮೇವಿನ ಕಸುವು ಗೊಬ್ಬರಕ್ಕಿಂತ ಹೆಚ್ಚಾಗಿ ಕೊಯ್ಯುವ ದಿನದ ಮೇಲೆ ನಿಂತಿದೆ.

ಗಿಡದ ಪ್ರೋಟೀನಿನಲ್ಲಿ ಮೂರರಲ್ಲಿ ಎರಡು ಪಾಲು ಎಲೆಯಲ್ಲೇ ಇರುತ್ತದೆ. ಮೊಗ್ಗಿನ ಹಂತದಲ್ಲಿ ಕೊಯ್ದರೆ ಒಣಮೇವಿನಲ್ಲಿ ಶೇ. 20ರ ಆಸುಪಾಸು ಪ್ರೋಟೀನ್ ಸಿಗುತ್ತದೆ. ಹೊಲವೆಲ್ಲ ನೇರಳೆ ಹೂವಾಗುವ ತನಕ ಬಿಟ್ಟರೆ ಅದು 15ರ ಹತ್ತಿರಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಬುಡದ ಎಲೆ ಉದುರಿ, ಕಾಂಡ ನಾರಾಗಿರುತ್ತದೆ. ಬಲಿತ ಕಂತೆಯನ್ನು ಗೋದಲಿಗೆ ಹಾಕಿ ನೋಡಿ: ಹಸು ಮೂತಿಯಿಂದ ಕಡ್ಡಿಗಳನ್ನು ಅತ್ತಿತ್ತ ತಳ್ಳಿ ಎಲೆಯನ್ನಷ್ಟೇ ಆರಿಸಿಕೊಳ್ಳುತ್ತದೆ. ತಿಂದ ಕಡ್ಡಿಯೂ ನಿಧಾನವಾಗಿ ಕರಗುತ್ತದೆ. ಹೊಟ್ಟೆ ತುಂಬಿದಂತಿರುತ್ತದೆ, ಹಾಲು ಮಾತ್ರ ಏರುವುದಿಲ್ಲ.

ಹಾಗಂತ ತೀರಾ ಎಳೆಯದನ್ನು ಕೊಯ್ಯುವ ಆಸೆಯೂ ಬೇಡ. ಕೊಯ್ದ ಮೇಲೆ ಮತ್ತೆ ಚಿಗುರಲು ಬೇಕಾದ ಶಕ್ತಿಯನ್ನು ಗಿಡ ಬೇರಿನಲ್ಲಿ ಕೂಡಿಡುತ್ತದೆ. ಅದು ತುಂಬುವ ಮೊದಲೇ ಪದೇ ಪದೇ ಕೊಯ್ದರೆ ಬುಡ ಸೊರಗಿ, ಸಾಲಿನ ನಡುವೆ ಕಳೆ ಏಳುತ್ತದೆ. ಹತ್ತರಲ್ಲಿ ಒಂದು ಗಿಡ ಹೂ ಬಿಟ್ಟಾಗ ಕೊಯ್ಯುವುದು ಇವೆರಡರ ನಡುವಿನ ರಾಜಿ. ಮೊದಲ ಕೊಯ್ಲು ಬಿತ್ತಿದ ಎರಡು ತಿಂಗಳ ಹೊತ್ತಿಗೆ, ಆಮೇಲಿನವು 25-30 ದಿನಕ್ಕೊಮ್ಮೆ ಬರುತ್ತವೆ. ಮೋಡದ ದಿನಗಳಲ್ಲಿ ಹೂವು ತಡವಾಗುವುದರಿಂದ ಆಗ ನಾನು ಬಗ್ಗಿ ಬುಡ ನೋಡುತ್ತೇನೆ. ಹೊಸ ಚಿಗುರು ಎರಡು ಬೆರಳಿನಷ್ಟು ಎದ್ದಿದ್ದರೆ ಕುಡುಗೋಲು ಹಾಕಬಹುದು, ಆ ಚಿಗುರು ಉಳಿಯುವಂತೆ.

ಸರಿಯಾದ ದಿನ ಕೊಯ್ದದ್ದೂ ಕಣದಲ್ಲಿ ಹಾಳಾಗಬಹುದು. ಎಲೆ ಬೇಗ ಒಣಗುತ್ತದೆ, ಕಾಂಡ ಹಿಂದೆ ಬೀಳುತ್ತದೆ. ನಡುಮಧ್ಯಾಹ್ನ ತಿರುವಿ ಹಾಕಿದರೆ ಎಲೆಯೆಲ್ಲ ಪುಡಿಯಾಗಿ ನೆಲದ ಪಾಲು. ಇಬ್ಬನಿ ಪೂರ್ತಿ ಆರುವ ಮೊದಲೇ ತಿರುವಬೇಕು. ಹಸಿ ಉಳಿದ ಕಂತೆಯನ್ನು ಒಟ್ಟಿದರೆ ಒಳಗೆ ಕಾವು ಏರಿ ಬೂಸ್ಟು ಹಿಡಿಯುತ್ತದೆ. ಮಳೆ ಬರುವ ಸೂಚನೆಯಿದ್ದರೆ ಒಣಗಿಸುವ ಗೋಜೇ ಬೇಡ; ಬಾಡಿಸಿ, ಹೊಟ್ಟೆಯುಬ್ಬರ ಬಾರದಂತೆ ಒಣಹುಲ್ಲಿನ ಜೊತೆ ಹಸಿಯಾಗಿಯೇ ಹಾಕುವುದು ಮೇಲು.

ಮೇವಿಗೆ ಬಳಸುವ ಕಡಲೆಕಾಯಿ ಬಳ್ಳಿಗೆ ಕೊಯ್ಯುವ ದಿನ ಆರಿಸುವ ಈ ಸ್ವಾತಂತ್ರ್ಯವಿಲ್ಲ. ಅಲ್ಲಿ ಕಾಯಿ ಬಲಿಯುವುದೇ ಮುಖ್ಯ, ಮೇವು ಆಮೇಲಿನದು. ಕೀಳುವುದು ತಡವಾಗಿ, ಟಿಕ್ಕಾ ರೋಗವೂ ಹತ್ತಿದರೆ ಬಳ್ಳಿಯಲ್ಲಿ ಎಲೆಯೇ ಇರುವುದಿಲ್ಲ. ಅಂಥ ಬಳ್ಳಿ ಲೋಡುಗಟ್ಟಲೆ ಬಂದರೂ ನಾನು ಒಂದು ಹಿಡಿ ಎತ್ತಿ ಒದರಿ ನೋಡಿಯೇ ದರ ಹೇಳುವುದು. ಮಾರುವವರಿಗೆ ಸಿಟ್ಟು ಬರುತ್ತದೆ, ಬರಲಿ.