ಇ.ಸಿ.ಜಿ. ಪಟ್ಟಿ ಯಾವಾಗ ತಪ್ಪು ತೋರಿಸುತ್ತದೆ?

ಆಸ್ಪತ್ರೆಯಲ್ಲಿ ಕೈಕಾಲಿಗೆ ಕ್ಲಿಪ್ಪು ಹಾಕಿ, ಎದೆಗೆ ರಬ್ಬರ್ ಬುಡ್ಡೆ ಅಂಟಿಸಿ ಮಾಡುವ ಹೃದಯದ ಪರೀಕ್ಷೆಗೆ ಇ.ಸಿ.ಜಿ. ಎನ್ನುತ್ತಾರೆ. ಇದಕ್ಕೆ ನಮ್ಮೂರಲ್ಲಿ ಎಷ್ಟೋ ಜನ ಹೆದರುತ್ತಾರೆ, ಕರೆಂಟ್ ಕೊಡ್ತಾರಂತೆ ಅಂತ. ಅದು ಸುಳ್ಳು. ಯಂತ್ರ ನಮಗೆ ಕರೆಂಟ್ ಕೊಡುವುದಿಲ್ಲ, ನಮ್ಮ ಹೃದಯದಿಂದ ಬರುವ ಕರೆಂಟನ್ನು ಅಳೆಯುತ್ತದೆ ಅಷ್ಟೆ.

ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಒಂದು ಸಣ್ಣ ಗಂಟು ಇದೆ. ಪ್ರತಿ ಬಡಿತಕ್ಕೂ ಮೊದಲು ಅಲ್ಲಿಂದ ವಿದ್ಯುತ್ ಹೊರಟು ಹೃತ್ಕರ್ಣಗಳಿಗೂ ಆಮೇಲೆ ಹೃತ್ಕುಕ್ಷಿಗಳಿಗೂ ಹರಡುತ್ತದೆ. ಅದರಲ್ಲಿ ಸ್ವಲ್ಪ ಚರ್ಮದವರೆಗೆ ಬರುತ್ತದೆ. ಎಷ್ಟು? ಸುಮಾರು 1 ಮಿಲಿವೋಲ್ಟ್. ಟಾರ್ಚಿನ ಒಂದು ಸೆಲ್ಲಿನಲ್ಲಿ 1.5 ವೋಲ್ಟ್ ಇರುತ್ತದೆ, ಅಂದರೆ ಇದು ಸೆಲ್ಲಿನ 1500ರಲ್ಲಿ ಒಂದು ಪಾಲು! ಸಂತೆಯಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ. ಆದ್ದರಿಂದಲೇ ಬೇರೆ ಗದ್ದಲ ಬೇಗ ಸೇರಿಕೊಳ್ಳುತ್ತದೆ.

ಇದನ್ನು ಚೆನ್ನಾಗಿ ಅಳೆಯುವ ಯಂತ್ರವನ್ನು ಸುಮಾರು 1903ರಲ್ಲಿ ಮಾಡಿದವರು ಹಾಲೆಂಡಿನ ವಿಲ್ಲೆಮ್ ಐಂಥೋವೆನ್. ಅದರ ತೂಕ ಸುಮಾರು 270 ಕಿಲೋ. ರೋಗಿಯು ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಯಲ್ಲಿ ಇಟ್ಟುಕೊಂಡು ಕೂರಬೇಕಿತ್ತು. 1924ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಉಪ್ಪುನೀರು ಮಾಡುತ್ತಿದ್ದ ಕೆಲಸವನ್ನು ಈಗ ಜೆಲ್ಲಿ ಮಾಡುತ್ತದೆ. ಎಣ್ಣೆ ಜಿಡ್ಡು, ಬೆವರು, ಒಣಗಿದ ಚರ್ಮ, ಎದೆಯ ಕೂದಲು ಇದ್ದರೆ ಎಲೆಕ್ಟ್ರೋಡು ಸರಿಯಾಗಿ ಕೂರುವುದಿಲ್ಲ, ಗೆರೆ ಮೇಲೆ ಕೆಳಗೆ ತೇಲುತ್ತದೆ. ಹಾಗಂತ ಜೆಲ್ಲಿಯನ್ನು ಎದೆ ತುಂಬಾ ಬಳಿದರೂ ಆಗೋದಿಲ್ಲ. ಅಕ್ಕಪಕ್ಕದ ಎಲೆಕ್ಟ್ರೋಡುಗಳ ಜೆಲ್ಲಿ ಒಂದಕ್ಕೊಂದು ಕೂಡಿಕೊಂಡರೆ ಅವೆರಡೂ ಒಂದೇ ಆದಂತೆ.

ಇನ್ನೊಂದು ತೊಂದರೆ ಸ್ನಾಯುಗಳದ್ದು. ಸ್ನಾಯು ಬಿಗಿಯಾದಾಗ ಅದರಿಂದಲೂ ವಿದ್ಯುತ್ ಬರುತ್ತದೆ. ನಮ್ಮಜ್ಜಿಗೆ ಚಳಿಗಾಲದಲ್ಲಿ ತೆಗೆಸಿದಾಗ ಮೊದಲ ಪಟ್ಟಿ ಗರಗಸದ ಹಲ್ಲಿನಂತೆ ಬಂತು. ಸಿಸ್ಟರ್ ಗಾಬರಿಯಾಗಲಿಲ್ಲ. ಕಂಬಳಿ ಹೊದಿಸಿ, "ಅಜ್ಜಿ, ಮಾತಾಡಬೇಡಿ, ಕೈ ಸಡಿಲ ಬಿಡಿ" ಅಂದರು. ಎರಡನೇ ಪಟ್ಟಿ ಸ್ವಚ್ಛವಾಗಿ ಬಂತು. ಚಳಿ, ಭಯ, ಕೈ ನಡುಗುವ ಕಾಯಿಲೆ, ಮಾತು, ಕೆಮ್ಮು ಎಲ್ಲವೂ ಹೀಗೇ ಮಾಡುತ್ತವೆ.

ಗೋಡೆಯ ಕರೆಂಟೂ ಸೇರಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಅದು ಸೆಕೆಂಡಿಗೆ 50 ಆವರ್ತ. ಪಟ್ಟಿಯ ಒಂದು ದೊಡ್ಡ ಚೌಕ ಎಂದರೆ 0.2 ಸೆಕೆಂಡು. ಆದ್ದರಿಂದ ಒಂದು ಚೌಕದಲ್ಲಿ ಸರಿಯಾಗಿ 10 ಸಣ್ಣ ಅಲೆ ಇದ್ದರೆ ಅದು ಹೃದಯದ್ದಲ್ಲ, ಕರೆಂಟಿನದು. ಅರ್ಥಿಂಗ್ ಸರಿ ಇಲ್ಲದಿದ್ದರೆ ಇದು ಜಾಸ್ತಿ.

ಇವೆಲ್ಲಾ ಕಣ್ಣಿಗೆ ಕಾಣುವ ತಪ್ಪುಗಳು. ನನಗೆ ಹೆಚ್ಚು ಭಯ ಅನ್ನಿಸಿದ್ದು ಕಾಣದ ತಪ್ಪು. ಎಡಗೈ ಬಲಗೈ ತಂತಿ ಅದಲು ಬದಲಾದರೆ ಪಟ್ಟಿ ಸ್ವಚ್ಛವಾಗೇ ಇರುತ್ತದೆ, ಆದರೆ ಮೊದಲನೇ ಲೀಡಿನ ಅಲೆ ತಲೆಕೆಳಗಾಗುತ್ತದೆ. ಹೃದಯ ಬಲಗಡೆ ಇರುವವರ ಪಟ್ಟಿಯಂತೆ ಕಾಣುತ್ತದೆ (ಅಂಥವರು ಅಪರೂಪಕ್ಕೆ ಇರುತ್ತಾರೆ). ಒಂದು ಪದ್ಧತಿಯಲ್ಲಿ ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ಅಮೆರಿಕದ ಪದ್ಧತಿಯಲ್ಲಿ ಕೆಂಪು ಎಡಗಾಲಿಗೆ! ಎದೆಯ ಮೊದಲ ಎರಡು ಎಲೆಕ್ಟ್ರೋಡುಗಳನ್ನು ನಾಲ್ಕನೇ ಪಕ್ಕೆಲುಬಿನ ಕೆಳಗಿನ ಸಂದಿನಲ್ಲಿ ಇಡಬೇಕು. ತುಂಬಾ ಮೇಲೆ ಇಟ್ಟರೆ ಹಿಂದೆ ಯಾವಾಗಲೋ ಹೃದಯಾಘಾತ ಆಗಿದ್ದ ಹಾಗೆ ಕಾಣಬಹುದು. ಕಾಗದ ಸಾಮಾನ್ಯವಾಗಿ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಅದನ್ನು 50ಕ್ಕೆ ಇಟ್ಟು 25ರ ಲೆಕ್ಕ ಹಾಕಿದರೆ 80 ಬಡಿತ 40 ಆಗಿಬಿಡುತ್ತದೆ. ಅದಕ್ಕೇ ಪಟ್ಟಿಯ ಅಂಚಿನಲ್ಲಿ ವೇಗ ಬರೆದಿರುತ್ತಾರೆ.

ಎಲ್ಲಾ ಸರಿಯಾಗಿ ಮಾಡಿದರೂ ಒಂದು ಮಾತು ಉಳಿಯುತ್ತದೆ. ಪಟ್ಟಿಯಲ್ಲಿ ಇರುವುದು ಸಾಮಾನ್ಯವಾಗಿ 10 ಸೆಕೆಂಡಿನ ಹೃದಯ ಮಾತ್ರ. ಬೆಳಿಗ್ಗೆ ಒಮ್ಮೆ ತಾಳ ತಪ್ಪಿ ಮಧ್ಯಾಹ್ನ ಸರಿಯಾಗಿದ್ದರೆ ಅದರಲ್ಲಿ ಸಿಗುವುದಿಲ್ಲ. ಅಂಥವರಿಗೆ ಹೋಲ್ಟರ್ ಎಂಬ ಸಣ್ಣ ಯಂತ್ರವನ್ನು 24 ಗಂಟೆ ಮೈಗೆ ಕಟ್ಟಿ ಕಳಿಸುತ್ತಾರೆ. ಹೃದಯಾಘಾತ ಶುರುವಾದ ಹೊತ್ತಿನಲ್ಲೂ ಮೊದಲ ಪಟ್ಟಿ ಸರಿಯಾಗೇ ಬರಬಹುದು. ಅದಕ್ಕೇ ಡಾಕ್ಟರು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯುತ್ತಾರೆ, ರಕ್ತ ಪರೀಕ್ಷೆಯನ್ನೂ ಮಾಡಿಸುತ್ತಾರೆ. "ಇ.ಸಿ.ಜಿ. ನಾರ್ಮಲ್ ಬಂತು, ಗ್ಯಾಸ್ ಇರಬೇಕು" ಅಂತ ಎದೆನೋವು ಇಟ್ಟುಕೊಂಡೇ ಬಸ್ಸು ಹತ್ತುವವರಿದ್ದಾರೆ. ಅವರನ್ನು ತಡೆದು ಕೂರಿಸಬೇಕು.

ಹಳೇ ಪಟ್ಟಿ ಇದ್ದರೆ ಹೊಸದರ ಜೊತೆ ಹೋಲಿಸಿ ನೋಡಿ, ಏನು ಬದಲಾಗಿದೆ ಎಂದು ಡಾಕ್ಟರು ಹೇಳಬಲ್ಲರು. ಆದರೆ ಆ ಕಾಗದ ಬಿಸಿಗೆ ಬಣ್ಣ ಬರುವಂಥದ್ದು, ಬಿಸಿಲಿಗೆ ಮಾಸುತ್ತದೆ. ಭದ್ರವಾಗಿರಲಿ ಅಂತ ಲ್ಯಾಮಿನೇಷನ್ ಮಾಡಿಸಿದರೆ ಪೂರ್ತಿ ಕಪ್ಪಾಗುತ್ತದೆ. ತೆಗೆಸಿದ ವಾರದಲ್ಲೇ ಝೆರಾಕ್ಸ್ ಮಾಡಿಸಿ, ಹೆಸರು ತಾರೀಕು ಬರೆದು, ರೇಷನ್ ಕಾರ್ಡ್ ಇಡುವ ಜಾಗದಲ್ಲೇ ಇಡಿ.

– 7ನೇ ತರಗತಿ